ಬುನಾದಿಯಿಲ್ಲದ ಪಟ್ಟಿ

ಹನ್ನೆರಡನೆಯ ತರಗತಿಯ ಮಗುವಿರುವ ಹೊರನಾಡ ಕನ್ನಡಿಗರ ಮನೆಯಲ್ಲಿ ಕಾಲೇಜುಗಳ ಪಟ್ಟಿಯೊಂದು ಇದ್ದೇ ಇರುತ್ತದೆ. ಅದನ್ನೊಮ್ಮೆ ಕೈಗೆತ್ತಿಕೊಂಡು ನೋಡಬೇಕು. ತಂತ್ರಜ್ಞಾನವಾದರೆ ಮುಂಬಯಿ, ದೆಹಲಿ, ಮದರಾಸಿನ ಐಐಟಿಗಳು. ವೈದ್ಯಕೀಯವಾದರೆ ದೆಹಲಿಯ ಏಮ್ಸ್. ಅಲ್ಲಿಗೆ ಪಟ್ಟಿ ಮುಗಿಯಿತು. ಇದು ಪಟ್ಟಿಯಲ್ಲ, ಪಣ. ಹದಿನೇಳರ ಹರೆಯದ ಮಗುವನ್ನು ಮುಂದಿಟ್ಟು ಹಿರಿಯರು ಆಡುವ ಜೂಜು ಎಂದರೂ ಅತಿಶಯೋಕ್ತಿಯಾಗದು.

ಅಂಕಿಗಳನ್ನು ಗಮನಿಸೋಣ. 2024ರಲ್ಲಿ ಜೆಇಇ ಅಡ್ವಾನ್ಸ್ಡ್ ಪರೀಕ್ಷೆಯ ಎರಡೂ ಪತ್ರಿಕೆಗಳನ್ನು ಬರೆದವರು 1,80,200 ಮಂದಿ, ಅರ್ಹರಾದವರು 48,248. ಆ ವರ್ಷ 23 ಐಐಟಿಗಳಲ್ಲಿದ್ದ ಸ್ಥಾನಗಳು 17,740. ಅರ್ಹರೆನಿಸಿದವರಲ್ಲಿಯೇ ಹೆಚ್ಚುಕಡಿಮೆ ಮೂವರಲ್ಲಿ ಇಬ್ಬರಿಗೆ ಅಲ್ಲಿ ಜಾಗವಿರಲಿಲ್ಲ. ಆ ಇಬ್ಬರಿಗಾಗಿ ನಮ್ಮ ಪಟ್ಟಿಯಲ್ಲಿ ಒಂದು ಸಾಲೂ ಇರುವುದಿಲ್ಲ.

ಸಮತೋಲನದ ಪಟ್ಟಿಗೆ ಮೂರು ಭಾಗಗಳಿರಬೇಕು: ಅದೃಷ್ಟ ಕೂಡಿಬಂದರೆ ಸಿಗುವಂಥವು ಕೆಲವು, ಮಗುವಿನ ಯೋಗ್ಯತೆಗೆ ಸರಿಹೊಂದುವಂಥವು ಹಲವು, ಖಚಿತವಾಗಿ ದೊರೆಯುವಂಥವು ಎರಡೋ ಮೂರೋ. ಈ ಕೊನೆಯವು ಮಗು ಮನಸ್ಸಿಟ್ಟು ಓದಬಲ್ಲ, ಮನೆಯವರು ಸಾಲವಿಲ್ಲದೆ ಭರಿಸಬಲ್ಲ ಕಾಲೇಜುಗಳಾಗಿರಬೇಕು. ‘ಕೊನೆಗೆ ಮ್ಯಾನೇಜ್‌ಮೆಂಟ್ ಸೀಟು ಇದ್ದೇ ಇದೆಯಲ್ಲ’ ಎನ್ನುವವರು ಬುನಾದಿ ಕಟ್ಟುತ್ತಿಲ್ಲ. ಊರಿನ ನಿವೇಶನ ಮಾರಲು ಸಿದ್ಧರಾಗುತ್ತಿದ್ದಾರೆ, ಅಷ್ಟೆ.

ಕೆಳಗಿನ ಹೆಸರುಗಳನ್ನು ಬರೆದರೆ ಮಗುವಿನ ಮಹತ್ವಾಕಾಂಕ್ಷೆ ಕುಗ್ಗುತ್ತದೆ ಎಂಬ ವಾದವುಂಟು. ಈ ವಾದಕ್ಕೆ ಬುಡವಿಲ್ಲ. ಐಐಟಿ, ಎನ್‌ಐಟಿಗಳ ಜಂಟಿ ಸೀಟು ಹಂಚಿಕೆಯಲ್ಲಿ ಆಯ್ಕೆಗಳನ್ನು ಎಷ್ಟು ಬೇಕಾದರೂ ತುಂಬಬಹುದು. ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ, ಅಭ್ಯರ್ಥಿಯ ರ‍್ಯಾಂಕಿಗೆ ದಕ್ಕುವ ಮೊದಲನೆಯ ಸ್ಥಾನವನ್ನೇ ಕೊಡುತ್ತಾರೆ. ನೂರನೆಯ ಹೆಸರು ಮೊದಲನೆಯದರ ಅವಕಾಶವನ್ನು ಕೂದಲೆಳೆಯಷ್ಟೂ ಕಡಿಮೆ ಮಾಡಲಾರದು. ಹಿಂದಿನ ವರ್ಷಗಳ ಕೊನೆಯ ರ‍್ಯಾಂಕುಗಳೂ ಪ್ರಕಟವಾಗಿಯೇ ಇರುತ್ತವೆ. ನಮಗೆ ಅಡ್ಡಬರುವುದು ನಿಯಮವಲ್ಲ, ಪ್ರತಿಷ್ಠೆ.

ಈ ಪ್ರತಿಷ್ಠೆಯ ಇನ್ನೊಂದು ಮುಖ, ನಾವು ನೆಲೆಸಿದ ರಾಜ್ಯದ ಕಾಲೇಜುಗಳ ಬಗೆಗಿನ ತಾತ್ಸಾರ. ಇಪ್ಪತ್ತೈದು ವರ್ಷ ಒಂದು ನಗರದ ಅನ್ನವುಂಡೂ ಅಲ್ಲಿನ ಸರ್ಕಾರಿ ಕಾಲೇಜನ್ನು ‘ಲೋಕಲ್’ ಎಂದು ಮೂಗು ಮುರಿಯುವವರು ನಾವು. ತಮಿಳುನಾಡಿನಲ್ಲಿ 2007ರಿಂದ ಇಂಜಿನಿಯರಿಂಗ್ ಪ್ರವೇಶಕ್ಕೆ ಹನ್ನೆರಡನೆಯ ತರಗತಿಯ ಅಂಕಗಳೇ ಆಧಾರ. ಮಹಾರಾಷ್ಟ್ರಕ್ಕೆ ತನ್ನದೇ ಸಿಇಟಿ ಇದೆ. ರಾಜ್ಯ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಅಖಿಲ ಭಾರತ ಪಾಲು ನೂರಕ್ಕೆ 15 ಮಾತ್ರ. ಉಳಿದ 85ಕ್ಕೆ ಆಯಾ ರಾಜ್ಯದ ನಿಯಮಗಳೇ ಅನ್ವಯಿಸುತ್ತವೆ. ವಾಸ ಎಲ್ಲಿ, ಶಾಲೆ ಎಲ್ಲಿ ಎಂಬ ಪ್ರಶ್ನೆಗಳಿಗೆ ಫಲಿತಾಂಶ ಬಂದ ಮೇಲೆ ಉತ್ತರ ಹುಡುಕಿದರೆ ಪ್ರಯೋಜನವಿಲ್ಲ. ಮಗು ಒಂಬತ್ತನೆಯ ತರಗತಿಯಲ್ಲಿರುವಾಗಲೇ ಈ ನಿಯಮಗಳನ್ನು ಓದಿಕೊಂಡಿರಬೇಕು.

ಇನ್ನುಳಿದದ್ದು ತವರಿನ ಬಾಗಿಲು. ಕರ್ನಾಟಕದ ಸಿಇಟಿಯಲ್ಲಿ ರಾಜ್ಯದ ಸ್ಥಾನಗಳಿಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲೇ ಓದಿರಬೇಕೆಂಬುದು ಪ್ರಧಾನ ನಿಯಮ. ಆದರೆ ಹೊರನಾಡ ಮತ್ತು ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅವಕಾಶವೊಂದಿದೆ. ಅದಕ್ಕೆ ಬೇರೆ ಷರತ್ತುಗಳ ಜೊತೆಗೆ ಪರೀಕ್ಷಾ ಪ್ರಾಧಿಕಾರವೇ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಭೌತಶಾಸ್ತ್ರದ ಕಠಿಣ ಸಮಸ್ಯೆಗಳನ್ನು ಲೀಲಾಜಾಲವಾಗಿ ಬಿಡಿಸುವ ನಮ್ಮ ಎಷ್ಟು ಮಕ್ಕಳು ಕನ್ನಡದಲ್ಲಿ ನಾಲ್ಕು ಸಾಲು ಬರೆಯಬಲ್ಲರು? ಕೋಚಿಂಗ್‌ಗೆ ಲಕ್ಷಗಟ್ಟಲೆ ಸುರಿಯುವ ನಾವು ವಾರಕ್ಕೆರಡು ಗಂಟೆಯನ್ನು ತಾಯ್ನುಡಿಗೆ ಕೊಡಲಿಲ್ಲ. ಬಾಗಿಲಿಗೆ ಬೀಗ ಹಾಕಿದವರು ಬೆಂಗಳೂರಿನವರಲ್ಲ.

ನಮ್ಮ ಸಂಘಗಳೂ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. ವರ್ಷವರ್ಷವೂ ಪ್ರತಿಭಾ ಪುರಸ್ಕಾರವೆಂದು ಮೊದಲ ಸ್ಥಾನಗಳಿಗೆ ಶಾಲು ಹೊದಿಸುತ್ತೇವೆ. ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತ ಮಗು, ತನ್ನಂಥವರಿಗೆ ಇಲ್ಲಿ ಸ್ಥಾನವಿಲ್ಲವೆಂಬ ಪಾಠವನ್ನು ಕಲಿತು ಮನೆಗೆ ಮರಳುತ್ತದೆ. ಅದೇ ಸಭಾಂಗಣದಲ್ಲಿ ಪ್ರತಿ ಜೂನ್ ತಿಂಗಳಲ್ಲಿ ಒಂಬತ್ತು, ಹತ್ತನೆಯ ತರಗತಿಯ ಮಕ್ಕಳ ಪಾಲಕರನ್ನು ಕೂಡಿಸಿ ಪ್ರವೇಶದ ನಿಯಮಗಳನ್ನು ಬಿಡಿಸಿ ಹೇಳಲಿ. ಪ್ರತಿ ಭಾನುವಾರ ಕನ್ನಡದ ತರಗತಿ ನಡೆಯಲಿ. ಇವೆರಡಕ್ಕೂ ಶಾಲು-ಹಾರಗಳಷ್ಟು ಖರ್ಚಾಗುವುದಿಲ್ಲ. ಬರುವ ವಾರ್ಷಿಕ ಮಹಾಸಭೆಯಲ್ಲಿ ಸದಸ್ಯರು ಇದನ್ನು ಕೇಳಿಯೇ ತೀರಬೇಕು.