ದಾಸ್ತಾನು, ಬಾಕಿ ಮತ್ತು ಅಂಗಡಿಯ ಆಯುಷ್ಯ

ಒಂದೇ ಮಂಡಿಯಿಂದ ಅದೇ ತೊಗರಿಬೇಳೆ, ಅದೇ ಸೋಪು ತಂದು ಒಂದೇ ಬೀದಿಯಲ್ಲಿ ಮಾರುವ ಎರಡು ದಿನಸಿ ಅಂಗಡಿಗಳಲ್ಲಿ ಒಂದು ಎರಡು ತಲೆಮಾರು ಬಾಳಿ ಇನ್ನೊಂದು ಎರಡೇ ವರ್ಷದಲ್ಲಿ ಬಾಗಿಲು ಹಾಕಿದರೆ, ಅದಕ್ಕೆ ಜನ ಸಾಮಾನ್ಯವಾಗಿ ಕೊಡುವ ಕಾರಣಗಳು ಜಾಗ, ಬೆಲೆ ಮತ್ತು ಮಾಲೀಕನ ಮಾತಿನ ನಯ. ಈ ಕಾರಣಗಳಲ್ಲಿ ಹುರುಳಿಲ್ಲದಿಲ್ಲ; ಆದರೆ ಗಿರಾಕಿಯನ್ನು ಮೊದಲ ಸಲ ಒಳಗೆ ಕರೆಯಲು ಸಾಕಾಗುವ ಇವು ಹತ್ತನೆಯ ಸಲ ಕರೆತರಲು ಸಾಲವು. ಬೇಕಾದ ವಸ್ತು ಅಲ್ಲಿ ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಇದ್ದರೆ ಮಾತ್ರ ಆತ ಮತ್ತೆ ಮತ್ತೆ ಬರುತ್ತಾನೆ, ಮತ್ತು ಆ ಭರವಸೆ ಉಳಿಯುವುದೂ ಅಳಿಯುವುದೂ ಸರಬರಾಜುದಾರನಿಗೆ ಸಲ್ಲಬೇಕಾದ ಹಣ ಹೊತ್ತಿಗೆ ಸಲ್ಲುತ್ತದೆಯೋ ಇಲ್ಲವೋ ಎಂಬುದರ ಮೇಲೆ.

ಇದನ್ನು ತಿಳಿಯಲು ದಾಸ್ತಾನಿನ ಸುತ್ತು, ಅಂದರೆ ತುಂಬಿಸಿಟ್ಟ ಸರಕು ಪೂರ್ತಿ ಮಾರಾಟವಾಗಿ ಮತ್ತೆ ಹೊಸದಾಗಿ ತುಂಬುವುದು ವರ್ಷಕ್ಕೆ ಎಷ್ಟು ಬಾರಿ ಎಂಬ ಲೆಕ್ಕ, ಗೊತ್ತಿರಬೇಕು. ಒಂದು ಲಕ್ಷ ರೂಪಾಯಿಯ ಸರಕನ್ನು ಶೇ. 25ರ ಲಾಭಕ್ಕೆ ಮಾರಿ ವರ್ಷಕ್ಕೆ 4 ಸುತ್ತು ಮುಗಿಸುವವನಿಗೆ ಖರ್ಚು ಕಳೆಯುವ ಮುನ್ನ ಉಳಿಯುವುದು ಒಂದು ಲಕ್ಷ. ಅದೇ ಸರಕನ್ನು ಶೇ. 10ರ ಲಾಭಕ್ಕೆ ಬಿಟ್ಟು ತಿಂಗಳಿಗೊಂದು ಸುತ್ತು ಮುಗಿಸುವವನಿಗೆ ಉಳಿಯುವುದು 1,20,000. ಕಡಿಮೆ ಬೆಲೆಗೆ ಮಾರುವವನು ಧರ್ಮಕ್ಕೆ ಮಾರುತ್ತಿಲ್ಲ, ವೇಗದಿಂದ ಗಳಿಸುತ್ತಿದ್ದಾನೆ. ಆದರೆ ಈ ಗಳಿಕೆಗೆ ಒಂದು ಷರತ್ತು ಇದೆ: ಒಂದು ಸುತ್ತಿನಲ್ಲಿ ಬಂದ ಹಣ ಮುಂದಿನ ಸುತ್ತಿನ ಸರಕಿಗೇ ಹೋಗಬೇಕು, ಬೇರೆ ಕಡೆ ತಿರುಗಬಾರದು.

ಈ ಷರತ್ತು ಮುರಿದರೆ ಏನಾಗುತ್ತದೆಂಬುದನ್ನು ಚೆನ್ನೈಯಲ್ಲಿ 1997ರಲ್ಲಿ ಆರಂಭವಾದ ಸುಭಿಕ್ಷ ಸರಣಿಯಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಭಾರತದಲ್ಲಿ ವಿರಳ. ಹವಾನಿಯಂತ್ರಣವಾಗಲಿ ಅಲಂಕಾರವಾಗಲಿ ಇಲ್ಲದ ಚಿಕ್ಕ ಮಳಿಗೆಗಳಲ್ಲಿ ದಿನಸಿ ಮತ್ತು ಔಷಧಿಯನ್ನು ನಮೂದಿತ ಬೆಲೆಗಿಂತ ಕಡಿಮೆಗೆ ಮಾರುವ ಅದರ ಯೋಜನೆಯಲ್ಲಿ ಯಾವ ದೋಷವೂ ಇರಲಿಲ್ಲ. ಮಧ್ಯಮ ವರ್ಗದ ಮನೆಗಳು ಅದನ್ನು ಬೇಗನೆ ಒಪ್ಪಿಕೊಂಡವು. ಆದರೆ 2008ರ ಹೊತ್ತಿಗೆ ಮಳಿಗೆಗಳ ಸಂಖ್ಯೆ ಸುಮಾರು 1,600ಕ್ಕೆ ಏರಿತ್ತು, ಆ ವಿಸ್ತರಣೆಗೆ ಬಹುಮಟ್ಟಿಗೆ ಸಾಲವೇ ಆಧಾರವಾಗಿತ್ತು, ಮತ್ತು ಜಾಗತಿಕ ಆರ್ಥಿಕ ಬಿಕ್ಕಟ್ಟಿನಿಂದ ಹೊಸ ಸಾಲ ಸಿಗದಾದಾಗ ನಿತ್ಯದ ವ್ಯವಹಾರ ನಡೆಸಲು ಬೇಕಾದ ಹಣವೇ ಇಲ್ಲವಾಯಿತು. ಸರಬರಾಜುದಾರರ ಬಾಕಿ, ಕಟ್ಟಡಗಳ ಬಾಡಿಗೆ, ನೌಕರರ ಸಂಬಳ ಒಟ್ಟೊಟ್ಟಿಗೆ ನಿಂತುಹೋದವು. ಸಕ್ಕರೆಗೆಂದು ಬಂದ ಗಿರಾಕಿಗೆ ಸಕ್ಕರೆ ಇಲ್ಲದೆ ಬರಿಯ ಕಾರ್ನ್‌ಫ್ಲೇಕ್ಸ್ ಕಂಡರೆ ಆತ ದೂರು ಕೊಡುವುದಿಲ್ಲ, ಎದುರಿನ ಅಂಗಡಿಗೆ ಹೋಗುತ್ತಾನೆ. ಸಕ್ಕರೆಯ ಜೊತೆಗೆ ಕೊಳ್ಳುತ್ತಿದ್ದ ಎಣ್ಣೆ, ಚಹಾಪುಡಿ, ಉಪ್ಪಿನ ವ್ಯಾಪಾರವೂ ಅವನ ಹಿಂದೆಯೇ ಹೋಗುತ್ತದೆ. 2009ರ ಆರಂಭದಲ್ಲಿ ಮಳಿಗೆಗಳು ಮುಚ್ಚಿದವು.

ಮುಂಬೈಯ ಪೊವೈಯಲ್ಲಿ 2002ರಲ್ಲಿ ಮೊದಲ ಮಳಿಗೆ ತೆರೆದ ಡಿಮಾರ್ಟ್ ಹಿಡಿದದ್ದು ಇದಕ್ಕೆ ತೀರ ವಿರುದ್ಧವಾದ ದಾರಿ. ರಾಧಾಕಿಶನ್ ದಮಾನಿ ಸ್ಥಾಪಿಸಿದ ಈ ಸಂಸ್ಥೆ 2017ರಲ್ಲಿ ಸಾರ್ವಜನಿಕರಿಗೆ ಷೇರು ನೀಡುವಾಗ, ಅಂದರೆ ಹದಿನೈದು ವರ್ಷಗಳ ನಂತರವೂ, ಅದರ ಮಳಿಗೆಗಳು ಸುಮಾರು 130 ಮಾತ್ರ. ಬಹುಪಾಲು ಕಟ್ಟಡಗಳು ಸ್ವಂತದವು ಅಥವಾ ದೀರ್ಘಾವಧಿಯ ಗುತ್ತಿಗೆಯವು ಆದ್ದರಿಂದ ತಿಂಗಳ ಬಾಡಿಗೆಯ ಹೊರೆ ಹಗುರ; ಸರಬರಾಜುದಾರರಿಗೆ ವ್ಯಾಪಾರದ ವಾಡಿಕೆಗಿಂತ ಬೇಗ ಹಣ ಕೊಟ್ಟು ಅದಕ್ಕೆ ಪ್ರತಿಯಾಗಿ ರಿಯಾಯಿತಿ ಪಡೆಯುವುದು, ಆ ರಿಯಾಯಿತಿಯನ್ನು ಗಿರಾಕಿಗೆ ಬಿಟ್ಟುಕೊಟ್ಟು ಸುತ್ತಿನ ವೇಗ ಹೆಚ್ಚಿಸುವುದು ಅದರ ಪದ್ಧತಿ. ನೋಡಲು ಆ ಮಳಿಗೆಗಳು ಚೆಂದವೇನೂ ಅಲ್ಲ, ಶನಿವಾರ ಸಂಜೆಯ ನೂಕುನುಗ್ಗಲಂತೂ ತಾಳ್ಮೆಯ ಪರೀಕ್ಷೆ. ಆದರೂ ಜನ ಹೋಗುತ್ತಾರೆ. ನಿಧಾನವೇ ಗುಣವೆಂದು ಇದರಿಂದ ಹೇಳಲಾಗದು, ಏಕೆಂದರೆ ಬೇಡಿಕೆ ಇರುವಲ್ಲಿ ತಡಮಾಡಿ ಜಾಗ ಕಳೆದುಕೊಂಡ ವ್ಯಾಪಾರಿಗಳೂ ಇದ್ದಾರೆ. ಎರಡನೆಯ ಮಳಿಗೆಯ ಹಣ ಮೊದಲನೆಯದರ ಸರಕಿನಿಂದ ಕಿತ್ತದ್ದೋ ಅಲ್ಲವೋ ಎಂಬುದೇ ನೋಡಬೇಕಾದದ್ದು.

ಊರಿನ ದಿನಸಿ ಅಂಗಡಿಯಲ್ಲಿ ಈ ಹಣ ಸೋರುವ ದಾರಿ ಬೇರೆ, ಅದು ಉದ್ರಿ. ತಿಂಗಳ ಸಂಬಳದವರಿಗೆ ಪುಸ್ತಕದಲ್ಲಿ ಬರೆದುಕೊಂಡು ಸಾಮಾನು ಕೊಡುವ ಈ ಪದ್ಧತಿ ಚಿಕ್ಕ ವ್ಯಾಪಾರಿಯ ದೊಡ್ಡ ಬಲ. ಯಾವ ಮನೆಗೆ ಯಾವಾಗ ಹಣ ಬರುತ್ತದೆ, ಯಾರು ಯಾವ ಅಕ್ಕಿ ತಿನ್ನುತ್ತಾರೆ ಎಂಬ ತಿಳಿವಳಿಕೆ ದೊಡ್ಡ ಸರಣಿಗಳಿಗೆ ಅಷ್ಟು ಸುಲಭವಾಗಿ ದಕ್ಕದು. ಆದರೆ ಬಾಕಿ ಮಿತಿ ಮೀರಿದಾಗ ಅದೇ ಪುಸ್ತಕ ತಿರುಗಿ ಬೀಳುತ್ತದೆ. ಕೈಯಲ್ಲಿ ಕಾಸು ಬಂದ ದಿನ ಸಾಲಗಾರ ಗಿರಾಕಿ ಮುಖ ತೋರಿಸಲು ಸಂಕೋಚಪಟ್ಟು ಪಕ್ಕದ ಬೀದಿಯ ಅಂಗಡಿಯಲ್ಲಿ ನಗದು ಕೊಟ್ಟು ಕೊಳ್ಳುತ್ತಾನೆ. ಇತ್ತ ಮಂಡಿಯವನು ಹಳೆಯ ಬಾಕಿ ತೀರದೆ ಹೊಸ ಮೂಟೆ ಇಳಿಸುವುದಿಲ್ಲ. ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡನ್ನು ಗೋಡೆಗೆ ತೂಗುಹಾಕಿಯೂ ಬೇಕಾದವರಿಗೆ ಬರೆದುಕೊಂಡು ಕೊಡುವ, ಆದರೆ ಪ್ರತಿ ಮನೆಗೂ ಒಂದು ಮಿತಿಯನ್ನು ಮನಸ್ಸಿನಲ್ಲೇ ಇಟ್ಟುಕೊಂಡಿರುವ ವ್ಯಾಪಾರಿಗೆ ಹವಾನಿಯಂತ್ರಿತ ಮಳಿಗೆ ಎದುರಿಗೇ ಬಂದರೂ ಅಷ್ಟಾಗಿ ಹೆದರಬೇಕಾದ ಕಾರಣವಿಲ್ಲ.