ಅನುಭವವೆಂದರೆ ಬರಿಯ ವರ್ಷಗಳ ಲೆಕ್ಕವೇ?

ಅನುಭವವೇ ಗುರುವೆಂಬ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲಿಯೂ ಕೇಳಿಬರುತ್ತದೆ. ಬಡಗಿಯ ವಿಷಯದಲ್ಲಿ, ಅಡಿಗೆಯವರ ವಿಷಯದಲ್ಲಿ ಇದು ಬಹುಮಟ್ಟಿಗೆ ನಿಜ. ಮಾಡಿದ ಬಾಗಿಲು ಚೌಕಟ್ಟಿನಲ್ಲಿ ಕೂರದಿದ್ದರೆ ಬಡಗಿಗೆ ಆ ಕ್ಷಣವೇ ತಿಳಿಯುತ್ತದೆ. ಸಾರಿಗೆ ಉಪ್ಪು ಹೆಚ್ಚಾದರೆ ಊಟಕ್ಕೆ ಕುಳಿತವರ ಮುಖವೇ ಅದನ್ನು ಹೇಳಿಬಿಡುತ್ತದೆ. ತಪ್ಪು ಕೂಡಲೇ ಕಣ್ಣಿಗೆ ಬೀಳುವ ಕೆಲಸದಲ್ಲಿ ವರ್ಷ ಕಳೆದಂತೆ ಕೈ ಪಳಗುವುದು ಸಹಜ. ಆದರೆ ಪರರ ಮನಸ್ಸಿನ ದುಗುಡಕ್ಕೆ ಕಿವಿಗೊಟ್ಟು, ಅವರು ತಮ್ಮ ದಾರಿಯನ್ನು ಕಂಡುಕೊಳ್ಳಲು ನೆರವಾಗುವ ಆಪ್ತಸಮಾಲೋಚಕರ ವೃತ್ತಿಗೂ ಈ ಮಾತು ಹಾಗೆಯೇ ಸಲ್ಲುವುದೇ? ಫಲಕದ ಮೇಲೆ ‘ಇಪ್ಪತ್ತು ವರ್ಷಗಳ ಅನುಭವ’ ಎಂದು ಬರೆದಿದ್ದರೆ ಸಾಕೇ? ಪರೀಕ್ಷೆಯ ಭಯ, ಮನೆಯ ಕಲಹ, ಮುಂದಿನ ಬಾಳಿನ ಚಿಂತೆ ಇವುಗಳಿಂದ ನೊಂದ ವಿದ್ಯಾರ್ಥಿಯೊಬ್ಬನು ಇಂಥ ಫಲಕವನ್ನು ನಂಬಿ ಬಾಗಿಲು ತಟ್ಟುತ್ತಾನೆ. ಆದುದರಿಂದ ಈ ಪ್ರಶ್ನೆಯನ್ನು ವಿಜ್ಞಾನದೃಷ್ಟಿಯಿಂದ ಪರಿಶೀಲಿಸುವುದು ಅವಶ್ಯಕ.

ಈ ವೃತ್ತಿಯ ಇತಿಹಾಸದಲ್ಲಿ ಅಮೆರಿಕದ ಕಾರ್ಲ್ ರೋಜರ್ಸ್ ಅವರ ಹೆಸರು ಪ್ರಮುಖವಾದುದು. 1902ರಲ್ಲಿ ಜನಿಸಿದ ಅವರು ಮೊದಲು ಓದಲು ಹೊರಟದ್ದು ಕೃಷಿಶಾಸ್ತ್ರವನ್ನು, ಅನಂತರ ಇತಿಹಾಸವನ್ನು, ಮುಂದೆ ಪಾದ್ರಿಯಾಗಬೇಕೆಂದು ಧರ್ಮಶಾಸ್ತ್ರವನ್ನು. ಕೊನೆಗೆ ಮನಶ್ಶಾಸ್ತ್ರಕ್ಕೆ ತಿರುಗಿ, 1928ರಿಂದ ಹನ್ನೆರಡು ವರ್ಷಗಳ ಕಾಲ ರಾಚೆಸ್ಟರ್ ನಗರದಲ್ಲಿ ತೊಂದರೆಗೊಳಗಾದ ಮಕ್ಕಳ ನಡುವೆ ಕೆಲಸಮಾಡಿದರು. ಹನ್ನೆರಡು ವರ್ಷ ದೀರ್ಘಕಾಲವೇ ಸರಿ. ಆದರೆ ಅವರನ್ನು ಬೆಳೆಸಿದ್ದು ಆ ವರ್ಷಗಳ ಸಂಖ್ಯೆಯಲ್ಲ; ಆ ಅವಧಿಯಲ್ಲಿ ಅವರ ನಂಬಿಕೆಗಳು ಸುಳ್ಳಾದಾಗ ಅದನ್ನು ಅವರು ಗಮನಿಸಿದ ರೀತಿ.

ಅಲ್ಲಿ ಬೆಂಕಿಯಿಡುವ ಚಟವಿದ್ದ ಹುಡುಗನೊಬ್ಬನಿದ್ದನು. ಆ ಕಾಲದ ಪ್ರಸಿದ್ಧ ತಜ್ಞರಾದ ವಿಲಿಯಂ ಹೀಲಿಯವರ ವಿವರಣೆಯನ್ನು ಅನುಸರಿಸಿ ರೋಜರ್ಸ್ ಅವನ ಚಟಕ್ಕೆ ಕಾರಣವನ್ನು ಹುಡುಕಿದರು. ಸಮಸ್ಯೆ ಬಗೆಹರಿಯಿತೆಂದೇ ಭಾವಿಸಿದರು. ಹುಡುಗನು ಬಿಡುಗಡೆಯಾಗಿ ಹೋಗಿ ಪುನಃ ಬೆಂಕಿಯಿಟ್ಟನು! ದೊಡ್ಡವರ ಗ್ರಂಥದಲ್ಲಿಯೂ ತಪ್ಪಿರಬಹುದೆಂಬುದು ಆಗ ಅವರಿಗೆ ಮನವರಿಕೆಯಾಯಿತು. ಇನ್ನೊಮ್ಮೆ ತುಂಟ ಬಾಲಕನೊಬ್ಬನ ತಾಯಿಯೊಡನೆ ಅನೇಕ ದಿನ ಮಾತನಾಡಿ, ಮಗನ ನಡತೆಗೆ ಆಕೆಯ ಉಪೇಕ್ಷೆಯೇ ಮೂಲವೆಂದು ಒಪ್ಪಿಸಲು ಯತ್ನಿಸಿದರು. ಫಲ ದೊರೆಯಲಿಲ್ಲ. ಇಲ್ಲಿಗೆ ನಿಲ್ಲಿಸೋಣವೆಂದು ಇಬ್ಬರೂ ಒಪ್ಪಿದರು. ಹೊರಡುತ್ತಿದ್ದ ಆಕೆ ಬಾಗಿಲ ಬಳಿ ತಿರುಗಿ, ಇಲ್ಲಿ ದೊಡ್ಡವರಿಗೂ ಸಲಹೆ ಕೊಡುವುದುಂಟೇ ಎಂದು ಕೇಳಿದಳು. ಉಂಟೆಂದಾಗ ಮರಳಿ ಕುಳಿತು ತನ್ನ ದಾಂಪತ್ಯದ ದುಃಖವನ್ನೆಲ್ಲ ತೋಡಿಕೊಂಡಳು. ನಿಜವಾದ ಸಹಾಯ ಆರಂಭವಾದದ್ದು ಅಂದು. ನೋವು ಎಲ್ಲಿದೆಯೆಂಬುದು ನೊಂದವರಿಗೇ ಚೆನ್ನಾಗಿ ತಿಳಿದಿರುತ್ತದೆ ಎಂಬ ಅವರ ಸಿದ್ಧಾಂತದ ಬೀಜ ಈ ಘಟನೆಯಲ್ಲಿದೆ.

ರೋಜರ್ಸ್ ಇಷ್ಟಕ್ಕೇ ನಿಲ್ಲಲಿಲ್ಲ. ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ಬಂದ ಮೇಲೆ ಸಂಭಾಷಣೆಗಳನ್ನು ಗ್ರಾಮಫೋನ್ ತಟ್ಟೆಗಳ ಮೇಲೆ ಮುದ್ರಿಸಿಕೊಳ್ಳತೊಡಗಿದರು. ಒಂದೊಂದು ಮುಖದಲ್ಲಿ ಕೆಲವೇ ನಿಮಿಷಗಳ ಮಾತು ಹಿಡಿಯುತ್ತಿದ್ದ ಕಾಲವದು. ಒಂದು ಪ್ರಕರಣವನ್ನು ಆದ್ಯಂತವಾಗಿ 1942ರ ತಮ್ಮ ಗ್ರಂಥದಲ್ಲಿ ಅಚ್ಚುಮಾಡಿಸಿದರು. ಅಲ್ಲಿಯವರೆಗೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತಿದ್ದುದು ಹೀಗೆ ಪರೀಕ್ಷೆಗೆ ಒಳಪಟ್ಟಿತು. ತನ್ನ ಮಾತನ್ನು ತಾನೇ ಕೇಳಿಸಿಕೊಂಡ ಸಲಹೆಗಾರನಿಗೆ, ತಾನು ಎಲ್ಲಿ ಅಡ್ಡ ಮಾತನಾಡಿದೆ, ಎಲ್ಲಿ ಎದುರಿನವರ ಬಾಯಿ ಕಟ್ಟಿದೆ ಎಂಬುದು ತಿಳಿಯುವಂತಾಯಿತು. ಖಗೋಳಶಾಸ್ತ್ರಜ್ಞನಿಗೆ ದೂರದರ್ಶಕವಿದ್ದಂತೆ ಈ ವೃತ್ತಿಗೆ ಆ ತಟ್ಟೆಗಳು.

ಇಂಥ ಪರೀಕ್ಷೆಯಿಲ್ಲದೆ ಬರಿಯ ವರ್ಷಗಳು ಕಳೆದರೆ ಆಗುವುದೇನು? ಅಮೆರಿಕದ ದೊಡ್ಡ ವಿಶ್ವವಿದ್ಯಾನಿಲಯವೊಂದರ ವಿದ್ಯಾರ್ಥಿ ಸಲಹಾಕೇಂದ್ರದಲ್ಲಿ 170 ಚಿಕಿತ್ಸಕರು ಕಂಡ 6,591 ಜನರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಕೆಲವು ಚಿಕಿತ್ಸಕರ ದಾಖಲೆ 17 ವರ್ಷಗಳಷ್ಟು ದೀರ್ಘವಾದುದು. ಅನುಭವ ಹೆಚ್ಚಿದಂತೆ ಫಲ ಉತ್ತಮಗೊಳ್ಳಬೇಕಷ್ಟೆ? ಸರಾಸರಿಯಲ್ಲಿ ಹಾಗಾಗಲಿಲ್ಲ, ಬಹು ಅಲ್ಪವಾಗಿಯಾದರೂ ಫಲ ಕುಂದಿತ್ತು. ಕೆಲವರು ಕಾಲಕ್ರಮದಲ್ಲಿ ಉತ್ತಮಗೊಂಡದ್ದೂ ನಿಜ. ಅರ್ಧಕ್ಕೇ ಬಿಟ್ಟುಹೋಗುವವರ ಪ್ರಮಾಣ ಕಡಿಮೆಯಾದದ್ದೂ ನಿಜ. ಆದರೆ ವರ್ಷಗಳೇ ನೈಪುಣ್ಯವಲ್ಲವೆಂಬುದು ಇದರಿಂದ ಸ್ಪಷ್ಟ.

ಕಾರಣವನ್ನು ಊಹಿಸುವುದು ಕಷ್ಟವಲ್ಲ. ಸಲಹೆ ಕೇಳಿದ ವಿದ್ಯಾರ್ಥಿ ‘ಆಗಲಿ ಸಾರ್’ ಎಂದು ಎದ್ದು ಹೋಗುತ್ತಾನೆ, ಪುನಃ ಬರುವುದಿಲ್ಲ. ಅವನು ಗುಣವಾದುದರಿಂದ ಬರಲಿಲ್ಲವೋ, ಬೇಸತ್ತು ಬರಲಿಲ್ಲವೋ? ಸಮಾಲೋಚಕರಿಗೆ ತಿಳಿಯುವ ಉಪಾಯವಿಲ್ಲ. ಕತ್ತಲೆಯಲ್ಲಿ ಸಾವಿರ ಬಾಣ ಬಿಟ್ಟವನು ಬಿಲ್ಲುಗಾರನಾಗಲಾರ. ಪ್ರತಿ ಬಾಣ ಎಲ್ಲಿ ನಾಟಿತೆಂದು ನೋಡಿದವನು ಮಾತ್ರ ಆಗಬಲ್ಲ. ತಜ್ಞರ ಅಂತಃಸ್ಫೂರ್ತಿಯನ್ನು ಯಾವಾಗ ನಂಬಬಹುದೆಂಬ ವಿಷಯದಲ್ಲಿ ಡೇನಿಯಲ್ ಕಾನಿಮನ್ ಮತ್ತು ಗ್ಯಾರಿ ಕ್ಲೈನ್ 2009ರಲ್ಲಿ ಬರೆದ ಲೇಖನದ ಸಾರವೂ ಇದೇ: ಕ್ರಮಬದ್ಧವಾದ ಸನ್ನಿವೇಶವಿರಬೇಕು, ತೀರ್ಮಾನದ ಫಲವೇನೆಂದು ತಿಳಿದು ಕಲಿಯುವ ಅವಕಾಶವಿರಬೇಕು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಮನೆಯ ಅಜ್ಜಿಯೋ, ಪ್ರೀತಿಯ ಉಪಾಧ್ಯಾಯರೋ ಯಾವ ತರಬೇತಿಯೂ ಇಲ್ಲದೆ ಎಷ್ಟೋ ಮಂದಿಗೆ ಸಮಾಧಾನ ಹೇಳಿಲ್ಲವೇ? ಹೇಳಿದ್ದಾರೆ, ಅವರ ಸ್ಥಾನವನ್ನು ಯಾರೂ ತುಂಬಲಾರರು. ಆದರೆ ಅಜ್ಜಿ ನಮ್ಮನ್ನು ಹುಟ್ಟಿದಂದಿನಿಂದ ಬಲ್ಲವಳು, ಶುಲ್ಕವನ್ನು ಪಡೆಯುವವಳಲ್ಲ, ತಜ್ಞಳೆಂದು ಹೇಳಿಕೊಳ್ಳುವವಳೂ ಅಲ್ಲ. ಅಪರಿಚಿತರಾಗಿ ಬಂದು ತಜ್ಞರ ಪೀಠದಲ್ಲಿ ಕೂರುವವರಿಗೆ ಬೇರೆಯೇ ಹೊಣೆಯಿದೆ.

ನಮ್ಮ ನಾಡಿಗೆ ಈ ವಿದ್ಯೆ ಹೊಸತಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾದದ್ದು 1924ರಲ್ಲಿ. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೇ, ಮಾನಸಿಕ ಆಸ್ಪತ್ರೆಯೊಡನೆ ಸೇರಿ, 1974ರಲ್ಲಿ ನಿಮ್ಹಾನ್ಸ್ ಆಯಿತು. ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು 1992ರ ಕಾಯಿದೆಯಿಂದ ಏರ್ಪಟ್ಟ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಬೇಕು. ಆರೋಗ್ಯಕ್ಷೇತ್ರದ ಇತರ ಸಹವೃತ್ತಿಗಳನ್ನು ನಿಯಂತ್ರಿಸಲು 2021ರಲ್ಲಿ ಬೇರೊಂದು ಕಾಯಿದೆಯೂ ಬಂದಿದೆ. ಆದರೆ ‘ಲೈಫ್ ಕೋಚ್’ ಎಂಬ ಬಿರುದನ್ನು ಧರಿಸಲು ಇಂಥದೇ ಪದವಿ ಇರಬೇಕೆಂಬ ಕಟ್ಟುಪಾಡಿಲ್ಲ. ಗುರಿಯನ್ನು ಗೊತ್ತುಮಾಡಿಕೊಂಡು ಸಾಧಿಸಲು ಹುರಿದುಂಬಿಸುವ ಕೋಚ್‌ನಿಂದ ಪ್ರಯೋಜನವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಖಿನ್ನತೆಯೆಂಬ ರೋಗವನ್ನು ಸೋಮಾರಿತನವೆಂದು ತಿಳಿದು ಹುರಿದುಂಬಿಸಹೊರಟರೆ ಅಪಾಯ ಸಣ್ಣದಲ್ಲ.

ಆದುದರಿಂದ ವಿದ್ಯಾರ್ಥಿಗಳು ಸಂಕೋಚವಿಲ್ಲದೆ ಕೆಲವು ಪ್ರಶ್ನೆಗಳನ್ನು ಕೇಳಬೇಕೆಂಬುದು ನಮ್ಮ ಅಭಿಪ್ರಾಯ. ತಾವು ಏನನ್ನು ಓದಿದ್ದೀರಿ, ಯಾರ ಮೇಲ್ವಿಚಾರಣೆಯಲ್ಲಿ ಅಭ್ಯಾಸ ಮಾಡಿದ್ದೀರಿ? ತಮ್ಮ ಕೆಲಸವನ್ನು ಈಗಲೂ ಪರಿಶೀಲಿಸುವ ಹಿರಿಯರುಂಟೇ? ನನಗೆ ಗುಣ ಕಾಣುತ್ತಿದೆಯೇ ಇಲ್ಲವೇ ಎಂಬುದನ್ನು ಹೇಗೆ ಅಳೆಯುವಿರಿ? ನಾನು ಹೇಳಿದ್ದು ಗುಟ್ಟಾಗಿ ಉಳಿಯುವುದೇ; ಪ್ರಾಣಾಪಾಯವಿದ್ದಾಗ ಯಾರಿಗೆ ತಿಳಿಸುವಿರಿ? ತಮ್ಮ ಕೈಮೀರಿದ್ದಾದರೆ ಯಾರ ಬಳಿ ಕಳುಹಿಸುವಿರಿ? ಒಳ್ಳೆಯ ಸಮಾಲೋಚಕರು ಈ ಪ್ರಶ್ನೆಗಳಿಂದ ಸಿಡಿಮಿಡಿಗೊಳ್ಳುವುದಿಲ್ಲ. ಸಿಡಿಮಿಡಿಗೊಂಡರೆ ಅದನ್ನೇ ಉತ್ತರವೆಂದು ತಿಳಿಯಬಹುದು. ಸಂಕಟ ತೀವ್ರವಾಗಿ, ಇಷ್ಟೆಲ್ಲ ವಿಚಾರಿಸಲು ವ್ಯವಧಾನವೇ ಇಲ್ಲದಾಗ, 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಯನ್ನು 14416 ಸಂಖ್ಯೆಯ ದೂರವಾಣಿಯಲ್ಲಿ ಹಗಲಿರುಳೂ ಉಚಿತವಾಗಿ ಸಂಪರ್ಕಿಸಬಹುದು.

ಶಾಲೆ ಕಾಲೇಜುಗಳ ಆಡಳಿತಗಾರರ ಹೊಣೆ ಇದಕ್ಕಿಂತ ಹೆಚ್ಚಿನದು. ಬಿಡುವಿರುವ ಯಾರೋ ಒಬ್ಬರನ್ನು ಸಮಾಲೋಚಕರೆಂದು ಹೆಸರಿಸಿ ಕೊಠಡಿಯ ಬಾಗಿಲಿಗೆ ಫಲಕ ತೂಗುಹಾಕಿದರೆ ಕರ್ತವ್ಯ ಮುಗಿಯಿತೆಂದು ಅವರು ತಿಳಿಯಬಾರದು. ತರಬೇತಿ ಪಡೆದವರನ್ನು ನೇಮಿಸಬೇಕು. ಅವರ ಕೆಲಸ ಪರಿಶೀಲನೆಗೆ ಒಳಪಡುವಂತೆ ಏರ್ಪಾಡು ಮಾಡಬೇಕು. ಔಷಧವನ್ನು ಪರೀಕ್ಷಿಸದೆ ಮಾರಲು ಬಿಡದ ಸಮಾಜ, ನೊಂದ ಮನಸ್ಸಿನ ಮೇಲೆ ಪ್ರಯೋಗಿಸುವ ಮಾತನ್ನು ಮಾತ್ರ ಪರೀಕ್ಷೆಯಿಲ್ಲದೆ ಬಿಡುವುದು ಯಾವ ನ್ಯಾಯ?