ಗಡಸುತನವೊಂದೇ ಗುಣವಲ್ಲ

ಲೋಹವು ಗಡಸಾದಷ್ಟೂ ಉತ್ತಮವೆಂಬ ಭಾವನೆ ಜನರಲ್ಲಿ ಬಲವಾಗಿ ಬೇರೂರಿದೆ. ಅದು ಎಷ್ಟು ತಪ್ಪೆಂಬುದಕ್ಕೆ ಬಂದೂಕಿನ ಗುಂಡೇ ಒಳ್ಳೆಯ ನಿದರ್ಶನ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಗುರಿಯಾಟದ ಹವ್ಯಾಸಿಗಳನೇಕರು ಸೀಸವನ್ನು ಕರಗಿಸಿ ಮನೆಯಲ್ಲಿಯೇ ಗುಂಡುಗಳನ್ನು ಎರಕ ಹೊಯ್ಯುತ್ತಾರೆ. ಅತ್ಯಂತ ಗಡಸಾದ ಮಿಶ್ರಲೋಹವನ್ನೇ ಅರಸುವವರು ಅವರಲ್ಲಿ ಕಡಿಮೆಯೇನಿಲ್ಲ. ಇದು ವಿವೇಕದ ಆಯ್ಕೆಯಲ್ಲವೆಂದು ನನ್ನ ಅಭಿಪ್ರಾಯ.

ಅಚ್ಚ ಸೀಸವು ಬಹು ಮೃದು; ಬ್ರಿನೆಲ್ ಮಾನದಲ್ಲಿ ಅದರ ಗಡಸುತನ ಸುಮಾರು 5. ಆಂಟಿಮನಿಯನ್ನು ಬೆರೆಸಿದರೆ ಗಡಸುತನ ಹೆಚ್ಚುತ್ತದೆ. ತವರವಾದರೋ ಕರಗಿದ ಲೋಹದ ಮೇಲ್ಮೈ ಎಳೆತವನ್ನು ತಗ್ಗಿಸಿ, ಅದು ಅಚ್ಚಿನ ಮೂಲೆಮೂಲೆಗೂ ಹರಿಯುವಂತೆ ಮಾಡುತ್ತದೆ. ನೂರರಲ್ಲಿ 90 ಪಾಲು ಸೀಸ, 5 ಪಾಲು ತವರ, 5 ಪಾಲು ಆಂಟಿಮನಿ ಇರುವ ಪ್ರಸಿದ್ಧ ಮಿಶ್ರಣದ ಗಡಸುತನ ಸುಮಾರು 15. ಮುದ್ರಣಾಲಯಗಳಲ್ಲಿ ಬಳಕೆಯಲ್ಲಿದ್ದ ಲೈನೊಟೈಪ್ ಲೋಹದಲ್ಲಿ ಆಂಟಿಮನಿ 12 ಪಾಲು, ತವರ 4 ಪಾಲು; ಗಡಸುತನ 22ರ ಸಮೀಪ.

ಹಾಗಾದರೆ ಕೊನೆಯದೇ ಲೇಸಲ್ಲವೆ? ಅಲ್ಲ. ಗುಂಡು ನಳಿಗೆಯನ್ನು ಬಿಗಿಯಾಗಿ ಮುಚ್ಚಿಕೊಂಡು ಸಾಗಬೇಕು. ಅದರ ಅಳತೆ ತುಸು ಸಡಿಲವಾಗಿದ್ದರೆ, ಮೃದುವಾದ ಗುಂಡಿನ ಬುಡ ಅನಿಲದ ಒತ್ತಡಕ್ಕೆ ಹಿಗ್ಗಿ ಆ ಸಂದನ್ನು ಮುಚ್ಚುತ್ತದೆ. ಒತ್ತಡ ಕಡಿಮೆಯಿರುವಲ್ಲಿ ಗಡಸು ಗುಂಡು ಹಿಗ್ಗದು. ಬಿಸಿ ಅನಿಲ ಪಕ್ಕದಲ್ಲಿ ನುಸುಳಿ, ಸೀಸವನ್ನು ಸವೆಸಿ ನಳಿಗೆಯ ಒಳಮೈಗೆ ಮೆತ್ತುತ್ತದೆ. ಯಾವ ದೋಷಕ್ಕೆ ಅಂಜಿ ಗಡಸನ್ನು ಆರಿಸಿದರೋ ಆ ದೋಷವೇ ಬಂದೊದಗುತ್ತದೆ! 1849ರಲ್ಲಿ ಫ್ರಾನ್ಸಿನ ಮಿನಿಯೇ ರೂಪಿಸಿದ ಟೊಳ್ಳು ಬುಡದ ಗುಂಡು ಯಶಸ್ವಿಯಾದದ್ದು ಸೀಸದ ಮೃದುತ್ವದಿಂದಲೇ. ವೇಗ, ಒತ್ತಡಗಳು ಅಧಿಕವಾದಲ್ಲಿ ಮಾತ್ರ ಗಡಸು ಮಿಶ್ರಣ ಅವಶ್ಯಕ.

ಇದಕ್ಕಿಂತಲೂ ದೊಡ್ಡ ಅವಿವೇಕವೆಂದರೆ ಘಟಕಗಳನ್ನು ಅರಿಯದೆ ಗುಜರಿ ಲೋಹವನ್ನು ಕರಗಿಸುವುದು. ಮೋಟಾರು ಚಕ್ರಗಳ ಸಮತೂಕದ ತುಂಡುಗಳಲ್ಲಿ ಹಲವು ಈಗ ಸತುವಿನವು. ಸತು ಬೆರೆತ ಸೀಸ ಅಚ್ಚನ್ನು ಸರಿಯಾಗಿ ತುಂಬದು. ಹಳೆಯ ಬ್ಯಾಟರಿಯ ಫಲಕಗಳಂತೂ ಇನ್ನೂ ಅಪಾಯಕರ: ಅವುಗಳ ಕಿಟ್ಟಕ್ಕೆ ತೇವ ತಗುಲಿದರೆ ಆರ್ಸೀನ್, ಸ್ಟಿಬೀನ್ ಎಂಬ ಪ್ರಾಣಘಾತಕ ಅನಿಲಗಳು ಹುಟ್ಟಬಹುದು.

ಸೀಸವೇ ಸ್ವತಃ ವಿಷವೆಂಬುದನ್ನೂ ಮರೆಯಲಾಗದು. ಅದು 327 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಆದರೆ ಆವಿಗಿಂತ ಹೆಚ್ಚಾಗಿ ಕಿಟ್ಟದ ಧೂಳೇ ಕೈಯಿಂದ ಬಾಯಿಗೆ, ಬಟ್ಟೆಯಿಂದ ಮನೆಯ ಮಕ್ಕಳಿಗೆ ತಲಪುತ್ತದೆ. ಇಷ್ಟು ಸೀಸ ನಿರಪಾಯವೆನ್ನಬಹುದಾದ ಪ್ರಮಾಣವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳಿರುವ ಮನೆಯಲ್ಲಿ ಈ ಕೆಲಸ ಸಲ್ಲದೆಂದೇ ನಾನು ಹೇಳುವೆನು.

ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡುಗಳನ್ನು ತಯಾರಿಸುವುದು ಅಪರಾಧ. ಆದರೂ ಇಲ್ಲಿನ ಪಾಠ ನಮ್ಮ ವಿದ್ಯಾರ್ಥಿಗಳಿಗೂ ಸಲ್ಲುತ್ತದೆ. ಯಾವ ಲೋಹ ಶ್ರೇಷ್ಠವೆಂದು ಕೇಳುವ ಮೊದಲು ಅದು ಯಾವ ಕಾರ್ಯಕ್ಕೆ, ಅದರಲ್ಲಿ ಏನೇನು ಬೆರೆತಿದೆ, ಅದರಿಂದ ಯಾರಿಗೆ ಹಾನಿ ಎಂಬ ಮೂರು ಪ್ರಶ್ನೆಗಳನ್ನು ಕೇಳುವವನೇ ನಿಜವಾದ ವಿಜ್ಞಾನದ ವಿದ್ಯಾರ್ಥಿ.